ನೇಮಕಾತಿ ಅಧಿಕಾರಿಯ ಕೆಮ್ಮು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಕೆಲಸವಿಲ್ಲ! ಗಾದೆ ಸುಳ್ಳಾದರೂ ಈ ಕಥೆ ಮಾತ್ರ ಸುಳ್ಳಲ್ಲ, ಕೇಳಿ.

ಆ ದೊಡ್ಡ ಸಾಫ್ಟ್‌ವೇರ್ ಕಂಪನಿಯ ಒಂಬತ್ತನೇ ಮಹಡಿ. ಸಂದರ್ಶನದ ಕೋಣೆಯಿಂದ ಹೊರಬಂದವಳು ಅವಸರದಲ್ಲಿ ನೀರು ಕುಡಿಯಲು ಹೋದಳು. ನೀರಿನ ಲೋಟ ಜಾರಿ, ಪಕ್ಕದಲ್ಲಿ ಕೂತಿದ್ದವನ ಅಂಗಿಯೆಲ್ಲ ಒದ್ದೆ!

"ಅಯ್ಯೋ, ಸಾರಿ ರೀ..."

"ಬಿಡಿ. ಒಳಗೆ ಹೋದ್ಮೇಲೆ ಹೇಗೂ ಬೆವರಲ್ಲಿ ನೆನೀಬೇಕಿತ್ತು."

ಅವಳನ್ನು ನಗಿಸಬೇಕೆಂದು ಅವನು ಬಾಗಿಲಾಚೆಯಿಂದ ಕೇಳಿಸಿದ್ದ ನೇಮಕಾತಿ ಅಧಿಕಾರಿಯ ಒಣ ಕೆಮ್ಮನ್ನೂ ಎಳೆದೆಳೆದು ಆಡುವ ಮಾತನ್ನೂ ಹಾಗೇ ಇಳಿಸಿದ. "ಖೆ ಖೆ... ನೋಡೀಮ್ಮಾ... ಮೂರೂ ವರ್ಷ ಮನೇಲಿ ಏನ್ ಮಾಡ್ತಿದ್ರೀ?"

"ಅಮ್ಮನ್ನ ನೋಡ್ಕೋತಿದ್ದೆ," ಅಂದಳು. "ಈಗ ಅವರಿಲ್ಲ."

ಅವನ ನಗು ಅಲ್ಲೇ ಇಂಗಿತು.

ಆ ಕಂಪನಿಯ ಸಂದರ್ಶನದಲ್ಲಿ ಕೋಡ್ ಸರಿ ಬರೆದರೆ ಸಾಲದು. ಬರೆಯುತ್ತಾ ಮನಸ್ಸಿನಲ್ಲಿರುವುದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಅವಳ ಕೋಡ್ ಚೊಕ್ಕ, ಬಾಯಿಗೆ ಬೀಗ. ಅವನ ಬಾಯಿ ಬೊಂಬಾಯಿ, ಕೋಡ್ ಕುಂಟು. ಹೇಗೋ ಇಬ್ಬರೂ ಈ ಸುತ್ತು ದಾಟಿದರು; ಕೊನೆಯ ಸುತ್ತಿಗೆ ಆರು ವಾರವಿತ್ತು. ಇಬ್ಬರೂ ಫೋನಿನಲ್ಲೇ ತಾಲೀಮು ಶುರುಮಾಡಿದರು.

"ಯಾಕೆ ಸುಮ್ಮನಾದೆ?"

"ಯೋಚನೆ ಮಾಡ್ತಿದ್ದೀನಿ ಕಣೋ!"

"ಅದನ್ನೇ ಜೋರಾಗಿ ಮಾಡು ಕಣೇ!"

ಹತ್ತೊಂಬತ್ತು ಅರ್ಜಿಗಳಲ್ಲಿ ಅವಳನ್ನು ಕರೆದದ್ದು ಇದೊಂದೇ ಕಂಪನಿ. ಇಲ್ಲಿ ತಪ್ಪಿದರೆ ಮರು ಅರ್ಜಿಗೆ ಒಂದು ವರ್ಷ ಬಾಗಿಲು ಬಂದ್. ಮನೆಯಲ್ಲಿ ಅಪ್ಪ ಮಾತೇ ಮರೆತವರಂತೆ ಗೋಡೆ ನೋಡುತ್ತಾ ಕೂರುತ್ತಿದ್ದರು. 'ಈ ಕೆಲಸವೊಂದು ಸಿಕ್ಕಿಬಿಟ್ಟರೆ... ನಾವಿಬ್ಬರೂ ಮತ್ತೆ ಬದುಕ್ತೀವೇನೋ!'

ಕೊನೆಯ ಸುತ್ತು ಮುಗಿದ ಮರುದಿನ ಫೋನ್ ಬಂತು. ಯಾರೆಂದು ನೋಡದೆ ಎತ್ತಿದಳು.

"ಖೆ ಖೆ... ಅಭಿನಂದನೇಮ್ಮಾ..."

"ಅಪ್ಪಾ!" ಅವಳು ಚೀರಿಕೊಂಡು ಒಳಗೋಡಿದಳು. "ಏಯ್, ಏಯ್, ನಾನು ಕಣೇ..." ಎಂದು ಅವನು ಕೂಗಿದ್ದು ಕೇಳುವಷ್ಟರಲ್ಲಿ ಅಪ್ಪ ನಗುನಗುತ್ತಾ ಚಿಕ್ಕಮ್ಮನಿಗೆ ಸುದ್ದಿ ಮುಟ್ಟಿಸಿ ಆಗಿತ್ತು.

"ಅಮ್ಮ ಹೋದ್ಮೇಲೆ ಅಪ್ಪ ನಕ್ಕಿದ್ದು ಇವತ್ತೇ," ಅಂದಳು. ಅವಳ ದನಿಯಲ್ಲಿ ಕೋಪವೂ ಇರಲಿಲ್ಲ. "ಈಗ ನಾನು ಹೋಗಿ ಸುಳ್ಳು ಅನ್ಬೇಕು. ಇನ್ಮೇಲೆ ಫೋನ್ ಮಾಡ್ಬೇಡ."

ಅವನ ನಂಬರನ್ನು ಬ್ಲಾಕ್ ಮಾಡಿದಳು. ಅಪ್ಪ ಅಂದು ಊಟ ಬಿಟ್ಟರು.

ಮೂರು ದಿನದ ನಂತರ ಬೇರೆ ನಂಬರಿನಿಂದ ಕರೆ.

"ಖೆ ಖೆ... ನೋಡೀಮ್ಮಾ, ನಿಮ್ಮನ್ನ ಆಯ್ಕೆ ಮಾಡಿದ್ದೀವಿ... ಒಪ್ಪಿಗೇನಾ?"

"ಥೂ! ಸತ್ತ ಹಾವನ್ನ ಎಷ್ಟು ಸಲ ಹೊಡೀತೀಯಾ? ನಿನ್ನ ಕೆಲಸಾನೂ ಬೇಡ, ನೀನೂ ಬೇಡ! ಇಡು ಫೋನು!"

ಆ ಕೆಮ್ಮು ಅಸಲಿಯಾಗಿತ್ತು.

ಮೊದಲು ಬಾಯಿಮಾತಿನ ಒಪ್ಪಿಗೆ, ಆಮೇಲೆ ಪತ್ರ: ಅದು ಆ ಕಂಪನಿಯ ಪದ್ಧತಿ. ಅಧಿಕಾರಿ 'ಬೇಡವಂತೆ' ಎಂದು ಬರೆದುಕೊಂಡು, ಪಟ್ಟಿಯಲ್ಲಿದ್ದ ಮುಂದಿನವನಿಗೆ ಫೋನ್ ಮಾಡಿ, ಹಿಂದಿನವಳು ಬೈದದ್ದನ್ನೂ ತೋಡಿಕೊಂಡ. ಮುಂದಿನವನು ಬೇರೆ ಯಾರೂ ಅಲ್ಲ, ನಮ್ಮ ಕೆಮ್ಮಿನ ಕಳ್ಳನೇ!

ಮರುದಿನ ಸಂಜೆ ಅವಳ ಮನೆಯ ಬಾಗಿಲಲ್ಲಿ ಅವನು ನಿಂತಿದ್ದ, ಕೈಯಲ್ಲೊಂದು ಕಾಗದ ಹಿಡಿದು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅದು... ನಿಜವಾದ ಫೋನಾ?"

"ಹೂಂ. ಬೆಳಿಗ್ಗೆ ಹೋಗಿ ತಪ್ಪೆಲ್ಲ ನಂದು ಅಂದೆ. ಕೇಳಲಿಲ್ಲ, ಜಾಗ ಇನ್ಯಾರಿಗೋ ಹೋಯ್ತು. ನಿಂದು ತಪ್ಪಿಲ್ಲ, ವರ್ಷ ಬಿಟ್ಟು ನೇರ ಕೊನೇ ಸುತ್ತಿಗೆ ಬರಬಹುದು ಅಂತ ಬರೆಸ್ಕೊಂಡು ಬಂದೆ."

"ನೀನು?"

"ಅಧಿಕಾರಿ ದನಿ ಕದ್ದವನಿಗೆ ಆಯುಸ್ಸು ಪೂರ್ತಿ ಬಾಗಿಲು ಬಂದ್!"

"ಹುಚ್ಚಾ... ಬಾಯ್ಮುಚ್ಕೊಂಡಿದ್ರೆ ಕೆಲಸ ನಿಂದೇ ಆಗ್ತಿತ್ತು."

"ದಿನಾ ನಿನ್ನ ಕುರ್ಚಿ ಮೇಲೆ ಹೇಗೆ ಕೂರ್ಲಿ ಕಣೇ?" ಎಂದೂ ತಡವರಿಸದವನು ತಡವರಿಸಿದ. "ನೀನಂದ್ರೆ... ನಂಗೆ ಪ್ರಾಣ. ಬೈಯಿ, ಹೊಡಿ, ಆದ್ರೆ ನಂಬರ್ ಮಾತ್ರ..."

ಅವಳ ಕಣ್ಣು ತುಂಬಿ ಬಂತು. "ಆ ಮನುಷ್ಯ ಏನಂದ್ರು? ನಾನು ಬೈದಿದ್ದಕ್ಕೆ?"

"ಇಪ್ಪತ್ತು ವರ್ಷದ ಸರ್ವೀಸಲ್ಲಿ ಕೆಲಸ ಕೊಡ್ತೀನಿ ಅಂದಿದ್ದಕ್ಕೆ ಯಾರೂ ಥೂ ಅಂದಿರಲಿಲ್ವಂತೆ. ನಿನ್ನೆಯೆಲ್ಲ ಊಟ ಸೇರಲಿಲ್ವಂತೆ."

ಅವಳ ತುಟಿ ಅದುರಿತು. ಅಳುವೆಂದು ಅವನು ಹೆದರಿದ. ಆದರೆ ಒಡೆದು ಬಂದದ್ದು ನಗು! ಮೂರು ವರ್ಷ ಕಟ್ಟಿಕೊಂಡಿದ್ದ ನಗು. ಹೊಟ್ಟೆ ಹಿಡಿದುಕೊಂಡು ಹೊಸ್ತಿಲ ಮೇಲೇ ಕುಸಿದು ಕೂತಳು.

ಒಳಗಿನಿಂದ ಅಪ್ಪ ಓಡಿಬಂದರು. "ಏನಾಯ್ತಮ್ಮಾ?"

"ಸಿಕ್ಕಿದ್ದ ಕೆಲಸಾನ... ಉಗಿದು ಕಳಿಸ್ಬಿಟ್ಟೆ ಅಪ್ಪಾ!"

ಅಪ್ಪ ಕಣ್ಣು ಕಣ್ಣು ಬಿಟ್ಟರು. ಅವನು ಅವಳ ಪಕ್ಕದಲ್ಲಿ ಮೆಲ್ಲಗೆ ಕೂತು ಕೈ ಹಿಡಿದ.

"ಅಳ್ತಿದ್ದೀಯೋ ನಗ್ತಿದ್ದೀಯೋ?"

"ಗೊತ್ತಿಲ್ಲ ಕಣೋ... ಕೈ ಬಿಡ್ಬೇಡ."

ಅವನೂ ನಕ್ಕ. ಅರ್ಥವಾಗದೆ ಅಪ್ಪನೂ ನಕ್ಕರು. ಆದರೆ ಬೀದಿಯ ಕೊನೆಯವರೆಗೂ ಕೇಳಿಸಿದ್ದು ಅವಳ ನಗುವೇ.