ಕಾವಲಿಗೆ ನಿಂತ ಮೊಲಮೀನು

“ನನ್ನ ಮೀನೆಲ್ಲಿ?”

ಮತ್ಸ್ಯಾಲಯದ ಮೀನಿನ ಡಾಕ್ಟರ್ ಬೆಚ್ಚಿ ತಿರುಗಿದ.

“ಬಂದ್ರಾ? ಜ್ವರ...”

“ನನ್ನ ಜ್ವರ ಹಾಳಾಗ್ಲಿ! ಇಲ್ಲಿ ಎರಡು ಮೊಲಮೀನಿದ್ವು. ಈಗ ಒಂದೇ ಇದೆ. ಇನ್ನೊಂದು ಎಲ್ಲಿ?”

ಕಡಲ ಮೀನುಗಳ ತೊಟ್ಟಿಗಳನ್ನು ನೋಡಿಕೊಳ್ಳುವವಳು ಅವಳು. ಜ್ವರದ ರಜೆ ಮುಗಿಸಿ ಆಗಷ್ಟೇ ಬಂದಿದ್ದಳು. ಬೆಚ್ಚಗಿನ ತೀರದ ನೀರಿನಲ್ಲಿ ಪಾಚಿ ಮೇಯುವ, ಮೊಲದಂಥ ಮೂತಿಯ ಆ ಜೋಡಿಯನ್ನು ಬೆರಳುದ್ದ ಇದ್ದಾಗಿನಿಂದ ಸಾಕಿದ್ದಳು.

“ಅದು ಮೇವು ಬಿಟ್ಟಿತ್ತು,” ಅಂದ ಅವನು. “ಒಂದು ತಿಂತಾ ಇತ್ತು, ಇನ್ನೊಂದು ಸುಮ್ನೆ ತಲೆ ಎತ್ಕೊಂಡು ನಿಂತಿತ್ತು. ಕಾಯಿಲೆ ಅಂತ ಬೇರೆ ತೊಟ್ಟಿಗೆ ಹಾಕಿದೀನಿ.”

“ಕಾಯಿಲೆ ಅಲ್ಲ ರೀ, ಕಾವಲು!”

ಟಿಕೆಟ್ ಕೌಂಟರಿನಲ್ಲಿದ್ದ ಅವಳ ಅಕ್ಕ ಕತ್ತು ಚಾಚಿ ನೋಡಿದಳು.

“ಕಲ್ಲಿನ ಸಂದಿಗೆ ತಲೆ ತೂರಿಸಿ ಮೇಯೋ ಮೀನಿಗೆ ಹಿಂದೆ ಏನು ಬಂತು ಅಂತ ಕಾಣಲ್ಲ. ಅದಕ್ಕೇ ಇನ್ನೊಂದು ನಿಂತು ನೋಡ್ಕೊಳ್ಳುತ್ತೆ. ಆಮೇಲೆ ಅದರ ಸರದಿ. ಸ್ವಲ್ಪ ಹೊತ್ತು ಕೂತು ನೋಡೋಕೂ ತಾಳ್ಮೆ ಇಲ್ವಾ?”

ಅವನ ಮುಖ ಬಿಗಿಯಿತು. “ಪರೀಕ್ಷೆ ಮುಗಿಯೋವರೆಗೂ ಅದು ಅಲ್ಲೇ ಇರಲಿ.”

ಉಳಿದ ಮೀನು ಕಲ್ಲಿನ ಹಿಂದೆ ಅಡಗಿತ್ತು. ಎದುರಿಗೇ ಹಸಿರು ಪಾಚಿಯಿದ್ದರೂ ಬಾಯಿ ಹಾಕುತ್ತಿರಲಿಲ್ಲ. ಹೀಗೇ ಬಿಟ್ಟರೆ ಇದು ಸತ್ತೇ ಹೋಗುತ್ತದೆ...

‘ಇವನನ್ನೇ ಅಲ್ಲವೇ ಇಷ್ಟು ದಿನ ಒಳ್ಳೆಯವನು ಅಂದುಕೊಂಡಿದ್ದು? ಊಟದ ಹೊತ್ತಿಗೆ ಇವನು ಬರಲಿ ಎಂದು ಬಾಗಿಲು ನೋಡುತ್ತಿದ್ದುದು?’ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಮಧ್ಯಾಹ್ನ ಅಕ್ಕನ ಮುಂದೆಯೂ ಬೈಗುಳ ನಿಲ್ಲಲಿಲ್ಲ. “ಎಂಥಾ ಕೊಬ್ಬು ಅಕ್ಕಾ ಆ ಮನುಷ್ಯಂಗೆ!”

“ಬೆಳಿಗ್ಗೆಯಿಂದ ಅವನದೇ ಜಪ. ಒಂದು ತುತ್ತಾದ್ರೂ ತಿನ್ನೇ ಮಾರಾಯ್ತಿ!”

ಅವಳು ಅರ್ಧಕ್ಕೇ ಎದ್ದು ತೊಟ್ಟಿಯ ಹಿಂಬದಿಯ ಮೆಟ್ಟಿಲು ಹತ್ತಿದಳು. ಅಲ್ಲಿ ಅವನು ಬಲೆ ಹಿಡಿದು ನೀರಿನ ಮೇಲೆ ಬಗ್ಗಿದ್ದ. ಬಲೆಯಲ್ಲಿ ಮೀನು!

“ಇದನ್ನೂ ಬಿಡಲ್ವಾ?” ಓಡಿ ಬಂದು ಬಲೆಯ ಹಿಡಿ ಎಳೆದಳು. ಮೀನು ಜಾರಿತು. ನೆಲಕ್ಕೆ ಬೀಳಬಾರದೆಂದು ಅವನು ಬರಿಗೈ ಒಡ್ಡಿದ. ಮರುಕ್ಷಣ ಮೀನು ನೀರಿನಲ್ಲಿತ್ತು, ಅವನ ಅಂಗೈಯಲ್ಲಿ ರಕ್ತ.

ತೊಟ್ಟಿಯಲ್ಲಿ ಈಗ ಎರಡು ಮೀನು.

ಅಂದರೆ... ಇವನು ಹಿಡಿಯಲು ಬಂದದ್ದಲ್ಲ, ಬಿಡಲು ಬಂದದ್ದು!

“ಅದರ ಬೆನ್ನಿನ ಮುಳ್ಳಲ್ಲಿ ವಿಷ ಇದೆ! ಗೊತ್ತಿಲ್ವಾ ನಿಮಗೆ?”

“ಗೊತ್ತು. ಬೀಳ್ತಿತ್ತಲ್ಲ, ಹಿಡಿದೆ.”

ಬೈಯುತ್ತಲೇ ಅವನನ್ನು ಕೆಳಗೆ ಕರೆತಂದು, ವಿಷದ ಉರಿ ಇಳಿಯಲೆಂದು ತಡೆಯುವಷ್ಟು ಬಿಸಿನೀರಿನಲ್ಲಿ ಕೈ ಅದ್ದಿಸಿದಳು. ಮಣಿಕಟ್ಟು ಬಿಡಲಿಲ್ಲ.

“ಒಂಟಿ ಮೀನನ್ನ ಕೂತು ನೋಡಿದೆ,” ಅಂದ ಅವನು ಮೆಲ್ಲಗೆ. “ಸಂದಿಯ ಹತ್ರಾನೂ ಸುಳಿಯಲಿಲ್ಲ. ತಪ್ಪು ನಂದೇ.”

“ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

“ಕೇಳೋಕೇ ಫೋನ್ ಮಾಡಿದ್ದೆ. ನಿಮ್ಮಕ್ಕ ಎತ್ತಿದ್ರು.”

“ಅಕ್ಕಾ!”

ಅಕ್ಕ ಬಾಗಿಲಲ್ಲೇ ನಿಂತಿದ್ದಳು. “ನನ್ಮೇಲ್ಯಾಕೆ ಹಾಕ್ತೀರಿ ಡಾಕ್ಟ್ರೇ? ಮೀನಿನ ಸುದ್ದಿ ಎಲ್ಲಿ ಎತ್ತಿದ್ರಿ ನೀವು? ಜ್ವರ ಇಳೀತಾ, ಮಾತ್ರೆ ತಗೊಂಡ್ಳಾ, ಏನಾದ್ರೂ ತಿಂದ್ಳಾ... ಅಷ್ಟೇ! ಮೂರು ಸಲ ಮಾಡಿದ್ರಿ, ಮೂರು ಸಲಾನೂ ಅದೇ!”

ಹೇಳಿ ಹೊರಟೇ ಹೋದಳು. ಅವನ ಕಿವಿ ಕೆಂಪಾಯಿತು.

“ಇದನ್ನ ನನಗೇ ಹೇಳೋಕೆ ಏನಾಗಿತ್ತು?” ಅವಳು ಮಣಿಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

“ಧೈರ್ಯ ಇರ್ಲಿಲ್ಲ.”

“ಈಗ ಬಂತಾ?”

“ಈಗ ಕೈ ನಿಮ್ಮ ಹತ್ರ ಸಿಕ್ಕಿಹಾಕ್ಕೊಂಡಿದೆ. ಓಡೋಕಾಗಲ್ಲ.” ಅವನು ಉಸಿರೆಳೆದುಕೊಂಡ. “ನೀವಂದ್ರೆ ನನಗೆ ತುಂಬಾ ಇಷ್ಟ.”

ಅವಳು ಇನ್ನಷ್ಟು ಬಿಸಿನೀರು ಸುರಿದಳು.

“ಅಯ್ಯೋ, ಸುಡುತ್ತೆ!”

“ಸುಡಲಿ. ಎಷ್ಟು ದಿನ ಕಾಯಿಸಿದೆ ನೀನು!”

“ಅಂದ್ರೆ... ನಿನಗೂ?”

ಅವಳು ಕಣ್ಣೊರೆಸಿಕೊಂಡು ಅವನನ್ನು ದುರುಗುಟ್ಟಿ ನೋಡಿದಳು.

“ಇಷ್ಟ ಇಲ್ದೇ ಇರೋರ ಮೇಲೆ ಇಷ್ಟೊಂದು ಕೋಪ ಬರುತ್ತಾ, ಪೆದ್ದಾ?”