ಘಾಟಿನಾಚೆ ನಿಂತವನು

"ಶೀಲಾ, ಅಲ್ಲೇ ನಿಂದ್ರು! ಒಂದ್ ಹೆಜ್ಜಿನೂ ಮುಂದ ಇಡಬ್ಯಾಡ!"

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹೆಬ್ಬಾಗಿಲಲ್ಲಿ ಗಂಡನ ಆ ಕೂಗಿಗೆ ಶೀಲಾ ಕಲ್ಲಿನಂತೆ ನಿಂತುಬಿಟ್ಟಳು. ಬೆನ್ನ ಮೇಲಿನ ಚೀಲವನ್ನು ಅಲ್ಲಿಯೇ ಕೆಡವಿ ಎರಡು ಹೆಜ್ಜೆ ಓಡಿಬಂದ ಚನ್ನೇಶ, ಕೆಂಡ ತುಳಿದವನಂತೆ ಹಿಂದೆ ಸರಿದು, ಚೀಲಗಳ ರಾಶಿಯ ಮರೆಗೆ ಹೋದ.

ಇಷ್ಟು ಜನರ ಎದುರಿಗೆ!

ಅವಳು ಬಂದದ್ದು ಒಂದೇ ಮಾತು ಹೇಳಲು. ಇನ್ನು ಹುಬ್ಬಳ್ಳಿಯ ಆಸ್ಪತ್ರೆ ಬೇಡ; ಐರಣಿಯ ತವರಿಗೆ ಹೋಗಿಬಿಡುತ್ತೇನೆ, ಎಂದು.

ಗಂಟಲಿನ ಕ್ಯಾನ್ಸರಿಗೆ ಮೂವತ್ತಮೂರು ದಿನಗಳ ವಿಕಿರಣ ಚಿಕಿತ್ಸೆ. ಮನೆಯವರ ಮಾತಿನಲ್ಲಿ 'ಕರೆಂಟ್'. ಹತ್ತೊಂಬತ್ತು ಮುಗಿದಿದ್ದವು. ನಡುವೆ ಬಿಟ್ಟರೆ ಗಡ್ಡೆ ಮತ್ತೆ ಬೆಳೆದೀತೆಂದು ವೈದ್ಯರು ಎಚ್ಚರಿಸಿದ್ದರು. ಆದರೆ ಮುಖದ ಅಚ್ಚಿಗೇ ಮಾಡಿದ ಬಲೆಯಂಥ ಮುಖವಾಡವನ್ನು ತೊಡಿಸಿ, ತಲೆಯನ್ನು ಮೇಜಿಗೆ ಬಿಗಿದು, ಎಲ್ಲರೂ ಹೊರಹೋಗಿ ದಪ್ಪ ಬಾಗಿಲು ಮುಚ್ಚಿಕೊಂಡಾಗ... ರೆಪ್ಪೆ ಮಿಟುಕಿಸಿದರೆ ಬಲೆಗೆ ತಾಗುತ್ತಿತ್ತು. ಉಗುಳು ನುಂಗಲೂ ಭಯ. ಕೂಗೋಣವೆಂದರೆ ಬಾಯಿ ತೆರೆಯದು! ಇಂದು ನಡುವೆಯೇ ಕೈಯೆತ್ತಿ, ಯಂತ್ರ ನಿಲ್ಲಿಸಿ, ಎದ್ದು ಬಂದಿದ್ದಳು.

ಮನೆಯಲ್ಲಿ ಇನ್ನೊಂದು ಸೆರೆ. ಮದುವೆಯಾಗಿ ಎರಡು ವರ್ಷ ಅವಳ ತಟ್ಟೆಯಿಂದಲೇ ತುತ್ತು ಕಸಿದು ತಿನ್ನುತ್ತಿದ್ದ ಚನ್ನೇಶ, ಚಿಕಿತ್ಸೆಯ ಎರಡನೆಯ ವಾರದಿಂದ ಒಳಗೇ ಬರುತ್ತಿರಲಿಲ್ಲ. ಊಟ, ನಿದ್ದೆ ಹೊರಗಿನ ಕಟ್ಟೆಯ ಮೇಲೆ, ಮಾತು ಬಾಗಿಲಾಚೆಯಿಂದ. ಅತ್ತೆಯನ್ನು ಕೇಳಿದರೆ ಅವರೂ ಮುಖ ತಿರುಗಿಸುತ್ತಿದ್ದರು.

'ಸುಟ್ಟು ಕಪ್ಪಾದ ನನ್ನ ಕುತ್ತಿಗೆ ಕಂಡರೆ ಹೇಸಿಗೆಯೇ? ಹಾಗಾದರೆ ಯಾರಿಗಾಗಿ ಈ ನೋವು?'

ಕೆಮ್ಮು ಒತ್ತರಿಸಿ ಬಂತು. ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ಮುದುಕಿ ಮುಮ್ತಾಜಬಿ ಎದ್ದುಬಂದು, ಅವಳನ್ನು ಹೊರಗಿನ ಬೇವಿನ ನೆರಳಿಗೆ ಕರೆದೊಯ್ದಳು.

"ಕುಂದ್ರು ಬೇಟಿ. ನಿನ್ನ ನವಾಬ ಜಳಕಕ್ಕ ಹೋಗ್ಯಾನ!"

"ಈ ಹೊತ್ತಿನ್ಯಾಗ ಜಳಕಾ?"

"ದಿನಾ ಸಂಜಿಕಿ ಮೂರು ಬಕೀಟು ಸುರಕೊಂತಾನ. ಆಮ್ಯಾಲ ನನ್ನ ಮುಂದ ತೋಳು ಹಿಡದು, 'ಚಾಚೀ, ಘಾಟು ಹೋತೇನು, ಮೂಸಿ ನೋಡು' ಅಂತಾನ. ಮೂವತ್ತು ವರ್ಷ ಇಲ್ಲೇ ಕುಂತಾಕಿ, ನನ್ನ ಮೂಗಿಗೆ ಅತ್ತರಿನ್ಯಾಗೂ ಘಾಟೇ ಬಡೀತೈತಿ! ಇನ್ನೂ ಐತಿ ಅಂತೇನಿ. ಮಾರಿ ಸಣ್ಣ ಮಾಡ್ಕೊಂಡು ಹೊಂಟಬಿಡ್ತಾನ."

ಶೀಲಾ ತಟ್ಟನೆ ಹೆಬ್ಬಾಗಿಲಿನತ್ತ ತಿರುಗಿ ನೋಡಿದಳು.

ಚನ್ನೇಶ ಬಂದ, ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹತ್ತು ಮಾರು ದೂರದಲ್ಲಿಯೇ ನಿಂತ. ಮುಮ್ತಾಜಬಿ ನಗುತ್ತ ಎದ್ದು ಹೋದಳು.

"ನನ್ನಿಂದ ಯಾಕ ದೂರ ಇರ್ತೀರಿ? ಖರೇ ಹೇಳ್ರಿ." ಅವಳ ದನಿ ಪಿಸುಮಾತಿಗಿಂತ ದೊಡ್ಡದಾಗದು.

"ಕರೆಂಟಿನ ಎರಡನೇ ವಾರದಾಗ, ಆವತ್ತ ಕೆಲಸದಿಂದ ಬಂದು ನಿನ್ನ ಬಾಜು ಕುಂತಿದ್ದೆ. ಕೆಮ್ಮಿ ಕೆಮ್ಮಿ ರಕ್ತ ಬಂತಲ್ಲಾ... ಅದು ನನ್ನ ಮೈಮ್ಯಾಲಿನ ಮೆಣಸಿನಕಾಯಿ ಘಾಟಿಗೇ ಬಂತು, ಶೀಲಾ."

"ಹೇಳಬಾರದಾಗಿತ್ತೇನ್ರಿ?"

"ಹೇಳಿದ್ರ ನೀ ಕೆಮ್ಮು ನುಂಗಿಕೊಂಡು ನನ್ನನ್ನ ಬಾಜು ಕುಂದ್ರಿಸ್ಕೊಂತಿದ್ದಿ. ಅವ್ವಗೂ ಆಣಿ ಹಾಕಿದ್ದೆ."

"ನಾ ತಿಳಕೊಂಡದ್ದು... ನೀವು ಹೇಸಾಕತ್ತೀರಿ ಅಂತ."

"ನಿನಗಾ? ನಾನಾ?" ಚೀಲಗಳನ್ನು ಲೀಲಾಜಾಲವಾಗಿ ಎತ್ತುತ್ತಿದ್ದ ಆ ಗಟ್ಟಿಗನ ತುಟಿ ಅದುರಿತು. "ದಿನಾ ರಾತ್ರಿ ಬಾಗಲಕ್ಕ ಕಿವಿ ಹಚ್ಚಿ, ನಿನ್ನ ಉಸಿರು ಕೇಳೇ ಮಲಗಾಂವ ನಾ!"

ಇಷ್ಟು ದಿನ ಬಿಗಿದಿಟ್ಟದ್ದೆಲ್ಲ ಕಣ್ಣೀರಾಗಿ ಇಳಿಯಿತು.

"ಇವತ್ತ ಅರ್ಧಕ್ಕ ಎದ್ದು ಬಂದೇನ್ರಿ. ಆ ಮುಖವಾಡದ ಬಲಿಯೊಳಗ ಜೀವಾನ ಹೋದಂಗ ಆಗತೈತಿ. ಹೇಳಬೇಕಂದ್ರ ನೀವೇ ಹತ್ರ ಇರಲಿಲ್ಲ."

ಚನ್ನೇಶ ಆ ಹತ್ತು ಮಾರನ್ನು ದಾಟಿ ಬಂದು, ಅವಳ ಮುಂದೆ ಕುಳಿತ.

"ನಾಳಿಂದ ನಾ ಬರ್ತೇನಿ. ಹೊರಗ ಹೋಗು ಅನ್ನೂತನಕ ಕೈ ಹಿಡದಿರ್ತೇನಿ. ಬಾಗಲಾ ತಗದ ಕೂಡ್ಲೆ ಮತ್ತ ಹಿಡೀತೇನಿ. ನಡುವಿನ ಆ ಹತ್ತು ನಿಮಿಷ ಅಷ್ಟ ನಿಂದು. ತಡಕೊಂತೀಯೇನು?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೆದರಿಕಿ ಹೋಗಿಲ್ರಿ... ಆದ್ರೂ ಹೋಗೂಣು."

ಅಷ್ಟರಲ್ಲಿ ಅವಳಿಗೆ ಕೆಮ್ಮು ಬಂತು. ಅವನು ಗಾಬರಿಯಿಂದ ಹಿಂದೆ ಸರಿಯಹೋದ. ಅವಳು ಅವನ ಒದ್ದೆ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಡಾಕ್ಟ್ರು ಖಾರ ತಿನ್ನಬ್ಯಾಡ ಅಂದಾರ್ರಿ..."

"ಹೂಂ. ಅದಕ್ಕ..."

"ಗಂಡನ ಬಾಜು ಕುಂದ್ರಬ್ಯಾಡ ಅಂದಿಲ್ಲ."