ಇಪ್ಪತ್ನಾಲ್ಕನೇ ಕಾರ್ಡಿನ ವರ್ಷ

“ಎಣಿಸು, ಮೂಸಿ ನೋಡು, ಭೂತಗನ್ನಡಿ ಹಿಡಿದು ಕೂತ್ಕೋ. ವರ್ಷ ಮಾತ್ರ ಬರೀಬೇಡ ಮಗಾ,” ಎಂದಳು ಮೇಮಿ ಕಿಸ್ಟ್ಲರ್ ಅಜ್ಜಿ.

ಡ್ವೈಟ್ ಪ್ರೌಟಿ ನಕ್ಕ. “ಬರೆದ್ರೆ ಏನಾಗುತ್ತೆ ಅಜ್ಜಿ?”

“ನಿನ್ನೋರು ಅಂತ ಯಾರೂ ಉಳಿಯಲ್ಲ.”

“ಹಂಗಾದ್ರೆ ಕ್ಯಾಲೆಂಡರ್ ಅಚ್ಚು ಹಾಕೋರೆಲ್ಲ ಇಷ್ಟೊತ್ತಿಗೆ ಅನಾಥರಾಗಿರ್ಬೇಕಿತ್ತು.”

ಅಜ್ಜಿ ನಗಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಇಪ್ಪತ್ತಮೂರು ಕಾರ್ಡುಗಳನ್ನು ಒಂದೊಂದಾಗಿ ಇಟ್ಟಳು. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡವು, ಅಂಚು ಸವೆದವು. ಒಂದೊಂದರ ಮೇಲೂ ಟೋಪಿ ಹಾಕಿದ ಒಬ್ಬೊಬ್ಬ ಬೇಸ್‌ಬಾಲ್ ಆಟಗಾರ. ಮೋಸರ್ಸ್‌ವಿಲ್‌ನ ಡ್ರೆಸ್ಲರ್ ಮಿಠಾಯಿ ಕಾರ್ಖಾನೆ ತನ್ನ ಕ್ಯಾರಮೆಲ್ ಪೊಟ್ಟಣಗಳಲ್ಲಿ ತನ್ನದೇ ತಂಡದ ಹುಡುಗರ ಚಿತ್ರ ಹಾಕಿ ಹಂಚಿದ್ದ ಕಾರ್ಡುಗಳು ಅವು. ಯಾವ ವರ್ಷ ಹಂಚಿದ್ದು ಎನ್ನುವುದು ಎಲ್ಲೂ ದಾಖಲಾಗಿರಲಿಲ್ಲ. ಕಾರ್ಖಾನೆ ಸುಟ್ಟುಹೋಗಿ ಐವತ್ತು ವರ್ಷವಾಗಿದ್ದರೂ ಕಾರ್ಡುಗಳಿಂದ ಸುಟ್ಟ ಸಕ್ಕರೆಯ ವಾಸನೆ ಇನ್ನೂ ಬರುತ್ತಿತ್ತು.

ಹಳೆಯ ಕಾರ್ಡುಗಳಿಗೆ ವರ್ಷ ಹುಡುಕುವುದೇ ಡ್ವೈಟನ ಕಸುಬು. ಕಾರ್ಡು ಸಂಗ್ರಹಿಸುವವರೆಲ್ಲ ನೆಚ್ಚಿಕೊಂಡ ದೊಡ್ಡ ಪಟ್ಟಿಪುಸ್ತಕವೊಂದಕ್ಕೆ ಅವನು ಹದಿನೈದು ವರ್ಷದಿಂದ ವರ್ಷಗಳನ್ನು ಒದಗಿಸುತ್ತಿದ್ದ. ಯಾವ ಆಟಗಾರ ಯಾವ ತಂಡಕ್ಕೆ ಯಾವಾಗ ಸೇರಿದ, ಯಾವಾಗ ಬಿಟ್ಟ ಎಂದು ಹುಡುಕಿ, ಎಲ್ಲರೂ ಒಟ್ಟಿಗಿದ್ದ ಆ ಒಂದೇ ಬೇಸಿಗೆಯನ್ನು ಹಿಡಿಯುವುದು ಅವನ ಪಟ್ಟು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ವಿಚಿತ್ರವೆಂದರೆ ಮೊಲಕ್ಕೆ ಸಾಮಾನ್ಯವಾಗಿ ಮೂರೇ ಕಾಲಿರುತ್ತಿತ್ತು. ಇಂಥ ಗಂಡನೊಂದಿಗೆ ಬಾಳುವುದು ಕಷ್ಟ. ಹೆಂಡತಿ ಎಂದೋ ಬಿಟ್ಟುಹೋದಳು. ಮಗಳು ಕೊರಿನ್ ಆರು ವರ್ಷ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಈ ವಸಂತದಲ್ಲಿ ಏನು ಕರುಣೆ ಬಂತೋ, ಭಾನುವಾರ ಸಂಜೆ ನಾಲ್ಕಕ್ಕೆ ಫೋನ್ ಮಾಡತೊಡಗಿದಳು. ಒಂದು ಭಾನುವಾರವೂ ತಪ್ಪಿಸಿರಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಕ್ಲೀವ್‌ಲ್ಯಾಂಡಿನ ಮನೆಗೇ ಬರುತ್ತೇನೆ ಅಂದಿದ್ದಳು. ಡ್ವೈಟನಿಗೆ ಈ ಭೂಮಿಯ ಮೇಲೆ ಉಳಿದಿದ್ದ ನಂಟು ಅದೊಂದೇ. ಇಲ್ಲಿಗೆ ಬಂದ ಶುಕ್ರವಾರವೇ ಅಜ್ಜಿಯ ಮನೆಯ ನಂಬರನ್ನು ಅವಳಿಗೆ ಕೊಟ್ಟು, “ಈ ವಾರ ಇಲ್ಲಿಗೆ ಮಾಡು,” ಎಂದು ಎರಡು ಸಲ ಹೇಳಿದ್ದ.

ಇಪ್ಪತ್ತಮೂರು ಕಾರ್ಡುಗಳು ಅವನನ್ನು ೧೯೧೭ರಿಂದ ೧೯೧೯ರವರೆಗಿನ ಮೂರು ಬೇಸಿಗೆಗಳಿಗೆ ತಂದು ನಿಲ್ಲಿಸಿದವು. ಅಲ್ಲಿಂದ ಮುಂದಕ್ಕೆ ಅಲುಗಲಿಲ್ಲ.

“ಇಪ್ಪತ್ನಾಲ್ಕನೇದು ಎಲ್ಲಜ್ಜಿ?” ಎಂದು ಶನಿವಾರ ಕೇಳಿದ.

“ನೆಲಮಾಳಿಗೇಲಿ. ನಾನು ಕೆಳಗೆ ಇಳಿಯಲ್ಲ. ಬೇಕಿದ್ರೆ ನೀನೇ ಹೋಗು.”

ಮೆಟ್ಟಿಲು ಕಡಿದಾಗಿತ್ತು. ಮಧ್ಯಾಹ್ನವೇ ಆಗಿದ್ದರೂ ಕೆಳಗೆ ಮಸಿ ಬಳಿದಂಥ ಕತ್ತಲೆ. ಕೊಳೆತ ಸೇಬು, ಒದ್ದೆ ಸುಣ್ಣ, ಅವೆರಡರ ಅಡಿಯಲ್ಲಿ ಅದೇ ಸುಟ್ಟ ಸಕ್ಕರೆಯ ವಾಸನೆ. ಟಾರ್ಚಿನ ಬೆಳಕಿನಲ್ಲಿ ಸೇಬಿನ ಮುರಬ್ಬದ ಜಾಡಿಗಳ ಹಿಂದೆ ತಗಡಿನ ಡಬ್ಬಿಯೊಂದು ಕಂಡಿತು. ಮುಚ್ಚಳ ತೆಗೆದ. ಒಳಗೆ ಕೆಂಪು ದಾರ ಸುತ್ತಿದ ಒಂದು ಹಿಡಿ ಕೂದಲು, ತುಕ್ಕು ಹಿಡಿದ ಶವಪೆಟ್ಟಿಗೆಯ ಮೊಳೆ, ಹಳೆಯ ಜರ್ಮನ್ ಅಕ್ಷರದಲ್ಲಿ ಬರೆದ ಚೀಟಿ. ಎಲ್ಲದರ ಕೆಳಗೆ ಆ ಕಾರ್ಡು. ಹೆಸರು ಕ್ಲೇಟನ್ ರೀಬರ್, ಬ್ಯಾಟಿನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್. ದಪ್ಪ ಚರ್ಮದ ಗ್ಲೌಸನ್ನು ಎದೆಗೆ ಒತ್ತಿಕೊಂಡು ನಗುತ್ತಿದ್ದ.

ಧಪ್.

ಡ್ವೈಟ್ ತಿರುಗಿದ. ಕತ್ತಲೆಯ ಆ ತುದಿಯಲ್ಲಿ ಚೆಂಡು ಗ್ಲೌಸಿಗೆ ಬಿದ್ದಂಥ ಸದ್ದು. ಹತ್ತು ಎಣಿಸುವಷ್ಟು ಹೊತ್ತು ಬಿಟ್ಟು ಮತ್ತೆ, ಧಪ್. ಯಾವುದೋ ಪೈಪು ಇರಬೇಕು ಎಂದುಕೊಂಡ. ಆದರೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ.

ಮೇಲೆ ಅಜ್ಜಿ ಎರಡು ತಟ್ಟೆ ಇಟ್ಟು ಕಾಯುತ್ತಿದ್ದಳು. ಹಂದಿಮಾಂಸದ ಜೊತೆ ಬೇಯಿಸಿದ ಹುಳಿ ಎಲೆಕೋಸು. ಅವನ ಕೈಲಿದ್ದ ಚೀಟಿಯನ್ನು ನೋಡದೆಯೇ ಹೇಳಿದಳು. “ಅದು ಅವನ ತಾಯಿ ಬರೆದದ್ದು. ರೀಬರಮ್ಮನಿಗೆ ಮಂತ್ರ ಬರ್ತಿತ್ತು. ಮಕ್ಕಳ ಸರ್ಪಸುತ್ತು ಊದಿ ಇಳಿಸ್ತಿದ್ಲು, ದನದ ದೃಷ್ಟಿ ತೆಗೀತಿದ್ಲು. ಇದ್ದೊಬ್ಬ ಮಗ ಜ್ವರದಲ್ಲಿ ಮೂರೇ ದಿನಕ್ಕೆ ಹೋದ. ಆಮೇಲೆ ಅವಳು ಮಾಡಿದ್ದು ಬರೀ ಕೆಟ್ಟದ್ದೇ. ವರ್ಷ ಅಂತ ಒಂದು ಬರೆದ್ರೆ ತಾನೆ ಮಗನ ಆ ಬೇಸಿಗೆ ಮುಗಿಯೋದು? ಕಾರ್ಖಾನೆ ಪುಸ್ತಕ, ಅಚ್ಚಿನ ಮನೆ ಕಾಗದ, ಎಲ್ಲಾ ಕಡೆಯಿಂದ ಆ ವರ್ಷ ಕಿತ್ತು ಹಾಕಿದ್ಲು.”

“ಚೀಟೀಲಿ ಏನಿದೆ?”

“‘ನನ್ನ ಮಗನ ಬೇಸಿಗೆಗೆ ವರ್ಷ ಕಟ್ಟಿದವನಿಗೆ ತನ್ನದು ಅನ್ನೋ ವರ್ಷ ಒಂದೂ ದಕ್ಕದಿರಲಿ’ ಅಂತ.”

“ಪಾಪ, ಹೆತ್ತ ಕರುಳು,” ಎಂದ ಡ್ವೈಟ್. ಅವನ ಕಣ್ಣು ಆಗಲೇ ಕಾರ್ಡಿನ ಹಿಂಬದಿಯಲ್ಲಿತ್ತು. ಅಲ್ಲಿ ಅಚ್ಚಾಗಿದ್ದ ಸಾಲು ಇಷ್ಟೇ: ‘ಈ ಬೇಸಿಗೆಗೆ ಇಪ್ಪತ್ತೊಂದು ತುಂಬಿದ ನಮ್ಮ ಹುಡುಗ.’ ಅದರ ಕೆಳಗಿದ್ದ ತಂಡದ ಹೆಸರನ್ನು ಯಾವುದೋ ಮಗು ಪೆನ್ಸಿಲಿನಲ್ಲಿ ಹೊಡೆದುಹಾಕಿ ‘ಬರ್ಗ್‌ಹಿಲ್’ ಎಂದು ಬರೆದಿತ್ತು.

ಡ್ವೈಟ್ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದ. ಆಟಗಾರ ತಂಡ ಬದಲಿಸಿದಾಗ ಮಕ್ಕಳು ಹೀಗೇ ಮಾಡುತ್ತಾರೆ. ಹಳೆಯ ತಂಡಕ್ಕೆ ಗೀಟು, ಪಕ್ಕದಲ್ಲಿ ಹೊಸ ತಂಡ. ಈ ಕಸುಬಿನವರಿಗೆ ಅಂಥ ಗೀಟೆಂದರೆ ನಿಧಿ. ರಾತ್ರಿಯ ಊಟಕ್ಕೆ ಮೊದಲೇ ತಾನು ತಂದಿದ್ದ ಹಳೆಯ ತಂಡಗಳ ಪಟ್ಟಿಯನ್ನೆಲ್ಲ ಜಾಲಾಡಿದ. ಬರ್ಗ್‌ಹಿಲ್ ಎಂಬ ತಂಡ ಎಲ್ಲೂ ಸಿಗಲಿಲ್ಲ.

ಭಾನುವಾರ ಬೆಳಗ್ಗೆ ಪೆಟ್ರೋಲ್ ಬಂಕಿನವನನ್ನು ಕೇಳಿದ. ಅವನು ಕಾರಿನ ಗಾಜು ಒರೆಸುತ್ತ ಹೊಟ್ಟೆ ಹಿಡಿದು ನಕ್ಕ.

“ಬರ್ಗ್‌ಹಿಲ್ ಟೀಮಾ? ಅದು ಇವತ್ತಿನ ತನಕ ಸೋತಿದ್ದೇ ಇಲ್ಲ ಸಾರ್! ಎದ್ದು ಆಡಿದ್ರೆ ತಾನೆ ಸೋಲೋದು? ಚರ್ಚಿನ ಹಿಂದಿನ ಸ್ಮಶಾನ ಅದು.”

ಗುಡ್ಡದ ಮೇಲೆ ನವೆಂಬರಿನ ಮಂಜು ಕವಿದಿತ್ತು. ರೀಬರನ ಕಲ್ಲು ಸಿಕ್ಕಿತು. ವರ್ಷಗಳಿದ್ದ ಜಾಗವನ್ನು ಉಳಿಯಿಂದ ಕೆತ್ತಿ ಗುಳಿ ಮಾಡಿದ್ದರು. ಆದರೆ ಈ ಕಡೆಯ ಜನ ವಯಸ್ಸನ್ನು ದಿನದ ಲೆಕ್ಕದವರೆಗೂ ಕಲ್ಲಿಗೆ ಹಾಕುತ್ತಾರೆ. ಇಪ್ಪತ್ತೊಂದು ವರ್ಷ, ನಾಲ್ಕು ತಿಂಗಳು, ಒಂಬತ್ತು ದಿನ. ಅದನ್ನು ಅಳಿಸಲು ತಾಯಿಗೆ ಕೈ ಬಂದಿರಲಿಲ್ಲ. ಡ್ವೈಟನಿಗೆ ಅಷ್ಟೇ ಸಾಕಿತ್ತು. ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಹುಟ್ಟಿದ ದಿನ ಇತ್ತು: ೧೮೯೭, ಜೂನ್ ಮೂರು. ಅವಳು ಸಾವಿನ ವರ್ಷವನ್ನು ಊರೆಲ್ಲ ಹುಡುಕಿ ಅಳಿಸಿದ್ದಳು, ಚರ್ಚಿನ ಪುಸ್ತಕದಲ್ಲಿದ್ದ ಹುಟ್ಟಿನ ವರ್ಷ ನೆನಪಾಗಿರಲಿಲ್ಲ. ೧೯೧೮ರ ಜೂನಿನಲ್ಲಿ ಇಪ್ಪತ್ತೊಂದು ತುಂಬಿತು. ಅಕ್ಟೋಬರಿನಲ್ಲಿ ಸತ್ತ. ಕಾರ್ಡು ಅಚ್ಚಾದದ್ದು ಆ ಬೇಸಿಗೆಯಲ್ಲೇ.

ಮೂರೂವರೆಗೆ ಅಡುಗೆಮನೆಗೆ ಬಂದಾಗ ಡ್ವೈಟ್ ಮಗುವಿನ ಹಾಗೆ ಕುಣಿಯುತ್ತಿದ್ದ. ಹೊರಗೆ ಮಂಜು ಇಳಿದು ಕಿಟಕಿ ಕಪ್ಪಾಗತೊಡಗಿತ್ತು.

“ಸಿಕ್ತು ಅಜ್ಜಿ! ಬರ್ಗ್‌ಹಿಲ್ ಅಂತ ಬರೆದ ಪುಣ್ಯಾತ್ಮನಿಗೆ ಕೈ ಮುಗೀಬೇಕು.”

“ಬರೆದವಳು ನಾನೇ,” ಎಂದಳು ಅಜ್ಜಿ ಮೆಲ್ಲಗೆ. “ಎಂಟು ವರ್ಷ ನಂಗಾಗ. ಬೇಡ ಮಗಾ. ಕಾಲಿಗೆ ಬೀಳ್ತೀನಿ.”

ಅವನು ಕಾರ್ಡು ಹಾಕಿಡಲು ತಂದಿದ್ದ ಲಕೋಟೆ ಎಳೆದುಕೊಂಡ. ಪೆನ್ಸಿಲಿನ ತುದಿಯನ್ನು ನಾಲಗೆಗೆ ಒತ್ತಿ ಒದ್ದೆ ಮಾಡಿದ. ಬರೆದ: ಡ್ರೆಸ್ಲರ್ ಕ್ಯಾರಮೆಲ್, ೧೯೧೮.

ಧಪ್.

ಈ ಸಲ ಸದ್ದು ಅವರ ಕಾಲಡಿಯ ಹಲಗೆಯ ಕೆಳಗೇ ಬಂತು. ಸುಟ್ಟ ಸಕ್ಕರೆಯ ವಾಸನೆ ಗಂಟಲಿಗೆ ಅಡರಿತು. ಅಜ್ಜಿ ಮುಖ ಮುಚ್ಚಿಕೊಂಡಳು.

“ಏನೂ ಆಗ್ಲಿಲ್ಲ ನೋಡಿ,” ಎಂದ ಡ್ವೈಟ್.

ನಾಲ್ಕು ಗಂಟೆಗೆ ಸರಿಯಾಗಿ ಫೋನ್ ಬಡಿದುಕೊಂಡಿತು. ಓಡಿಹೋಗಿ ಎತ್ತಿದ.

“ಹಲೋ? ಕ್ಷಮಿಸಿ,” ಎಂದಳು ಕೊರಿನ್. “ಈ ನಂಬರ್ ನನ್ನ ಫ್ರಿಜ್ ಬಾಗಿಲ ಮೇಲೆ ಅಂಟಿಸಿದೆ. ನನ್ನದೇ ಕೈಬರಹ. ಭಾನುವಾರ ನಾಲ್ಕು ಗಂಟೆ ಅಂತ ಬೇರೆ ಬರೆದಿದೀನಿ. ಯಾರದ್ದು ಅಂತ ಮಾತ್ರ ನೆನಪಾಗ್ತಿಲ್ಲ.”

“ತಮಾಷೆ ಸಾಕು ಪುಟ್ಟಿ. ನಾನು, ಅಪ್ಪ.”

“ನಂಗೆ ಅಪ್ಪ ಇಲ್ಲ ಸಾರ್. ಅಮ್ಮ ಒಬ್ಬಳೇ ಸಾಕಿದ್ದು.”

“ಕೊರಿನ್! ನಿಂಗೆ ಒಂಬತ್ತು ವರ್ಷ. ಕ್ಲೀವ್‌ಲ್ಯಾಂಡಿನ ಮೈದಾನ. ಸ್ಕೋರು ಬರೆಯೋದು ಹೇಳಿಕೊಟ್ಟೆ. ಹಾಳೆ ಮೇಲೆ ಸಾಸಿವೆ ಸಾಸು ಚೆಲ್ಲಿದೆ ನೀನು. ನನ್ನ ಕೋಟು ಹೊದ್ದು ಮಲಗಿದೆ.”

“ಸಾಸು ಚೆಲ್ಲಿದ್ದು ನೆನಪಿದೆ,” ಎಂದಳು ಅವಳು. “ನಾನು ಒಬ್ಬಳೇ ಇದ್ದೆ. ಪಕ್ಕದ ಸೀಟು ಖಾಲಿ ಇತ್ತು. ನಿಮಗೆ ಇದೆಲ್ಲ ಹೆಂಗೆ ಗೊತ್ತು?”

ಧಪ್.

ಅವನು ಲಕೋಟೆಯ ಕಡೆ ಹಾರಿದ. ಫೋನಿನ ವೈರು ಜಗ್ಗಿತು. ರಬ್ಬರು ಸಿಕ್ಕಿತು. ಉಜ್ಜಿದ. ಒಂದು ಹೋಯಿತು. ಒಂಬತ್ತು ಹೋಯಿತು, ಇನ್ನೊಂದು ಒಂದೂ ಹೋಯಿತು. ಧಪ್. ಎಂಟು ಹೋಗಲಿಲ್ಲ. ಉಜ್ಜಿದ. ಕಾಗದ ಹರಿಯಿತು. ಧಪ್. ಹರಿದ ಕಾಗದದಡಿ ಮರದ ಮೇಜು. ಮೇಜಿನ ಮೇಲೆ ಎಂಟು. ಧಪ್. ಉಗುರಿನಿಂದ ಕೆರೆದ. ರಕ್ತ ಬಂತು. “ಕೊರಿನ್, ಇರು! ಒಂದು ನಿಮಿಷ! ಇಡಬೇಡ!”

“ದಯವಿಟ್ಟು ನನ್ನ ಹೆಸರು ಕರೀಬೇಡಿ,” ಎಂದಳು ಮಗಳು. ಅವಳು ಅಳುತ್ತಿದ್ದಳು, ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. ಫೋನ್ ಇಟ್ಟಳು.

ನೆಲಮಾಳಿಗೆಯ ಸದ್ದು ನಿಂತಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಡ್ವೈಟನಿಗೆ ಆ ಬುದ್ಧಿಯೂ ಬೇಡವಾಗಿತ್ತು. ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತ. ಅಜ್ಜಿ ಅವನ ಬೆರಳಿಗೆ ಬಟ್ಟೆ ಸುತ್ತಿದಳು.

“ನಾನೂ ಆ ವರ್ಷಾನ ಸ್ಕೂಲಿನ ಸ್ಲೇಟಿನ ಮೇಲೆ ಬರೆದಿದ್ದೆ. ಸಂಜೆ ಮನೆಗೆ ಬಂದ್ರೆ ನಮ್ಮಮ್ಮ ಬಾಗಿಲಲ್ಲಿ ನಿಂತು ‘ಯಾರ ಮಗು ನೀನು?’ ಅಂದ್ಲು. ಪಾದ್ರಿ ಹೇಳಿದ್ಮೇಲೆ ಕೆಲಸದ ಹುಡುಗಿ ಅಂತ ಇಟ್ಕೊಂಡ್ಲು. ಸಾಯೋ ತನಕ ಊಟಕ್ಕೆ ಒಂದು ತಟ್ಟೆ ಜಾಸ್ತಿ ಇಡ್ತಿದ್ಲು. ಯಾರಿಗೆ ಅಂತ ಕೇಳಿದ್ರೆ ಗೊತ್ತಿಲ್ಲ ಅನ್ನೋಳು.”

“ಇಷ್ಟೆಲ್ಲ ಗೊತ್ತಿದ್ದೂ ನನ್ನನ್ನ ಯಾಕೆ ಒಳಗೆ ಬಿಟ್ಟಿರಿ?”

ಅಜ್ಜಿ ಬಟ್ಟೆಯ ಗಂಟು ಬಿಗಿದಳು. “ಅರವತ್ತೈದು ವರ್ಷ ಆಯ್ತು ಮಗಾ, ಒಬ್ಬಳೇ,” ಎಂದಳು. “ಬೇಡ ಅಂತ ಹೇಳಿದ್ನಲ್ಲ. ಮನಸಾರೆ ಹೇಳಿದ್ನೋ ಇಲ್ವೋ, ದೇವರೇ ಬಲ್ಲ.”

ಶುಕ್ರವಾರ ಬಾಗಿಲಲ್ಲಿ ಅವನು ಕೊಟ್ಟಿದ್ದ ವಿಸಿಟಿಂಗ್ ಕಾರ್ಡು ಕಿಟಕಿಯ ಬಳಿ ಬಿದ್ದಿತ್ತು. ‘ಡ್ವೈಟ್ ಪ್ರೌಟಿ, ಕ್ಲೀವ್‌ಲ್ಯಾಂಡ್.’ ಅವಳು ಪೆನ್ಸಿಲು ತೆಗೆದುಕೊಂಡು, ಊರಿನ ಹೆಸರಿಗೆ ಮಗುವಿನ ಹಾಗೆ ಜಾಗರೂಕತೆಯಿಂದ ಗೀಟು ಎಳೆದು, ಪಕ್ಕದಲ್ಲಿ ‘ಮೋಸರ್ಸ್‌ವಿಲ್’ ಎಂದು ಬರೆದಳು. ಅದನ್ನು ಇಪ್ಪತ್ನಾಲ್ಕರ ಜೊತೆ ಸೇರಿಸಿ ಡಬ್ಬಿ ಮುಚ್ಚಿದಳು. ಆಮೇಲೆ ಎರಡು ತಟ್ಟೆ ಇಟ್ಟಳು.

ಪಟ್ಟಿಪುಸ್ತಕ ಮರುವರ್ಷ ಹೊರಬಂತು. ಡ್ರೆಸ್ಲರ್ ಕಾರ್ಡುಗಳ ಮುಂದೆ ವರ್ಷದ ಜಾಗ ಖಾಲಿಯಿತ್ತು. ವರ್ಷ ಹುಡುಕಿದವರ ಹೆಸರುಗಳಲ್ಲಿ ಪ್ರೌಟಿ ಎಂಬವನು ಇರಲಿಲ್ಲ.

ಕೊರಿನ್ ಮಾತ್ರ ನಂಬರಿನ ಆ ಚೀಟಿಯನ್ನು ಫ್ರಿಜ್ಜಿನಿಂದ ಕಿತ್ತಿರಲಿಲ್ಲ. ಭಾನುವಾರ ನಾಲ್ಕಾದರೆ ಅವಳ ಕೈ ಆ ನಂಬರ್ ತಿರುಗಿಸದೆ ತಡೆಯುತ್ತಿರಲಿಲ್ಲ. ಆ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಮೊದಲ ಭಾನುವಾರವೂ ಅಜ್ಜಿಯ ಮನೆಯ ಫೋನ್ ಬಡಿದುಕೊಂಡಿತು. ಡ್ವೈಟ್ ಎತ್ತಿದ. ಅವಳ ಉಸಿರಿನ ಸದ್ದು ಕೇಳಿಸಿಕೊಂಡ. ಹೆಸರು ಕರೆದರೆ ಹೆದರಿ ಇಟ್ಟುಬಿಡುತ್ತಾಳೆ ಎಂದು ಈಗ ಅವನಿಗೆ ಗೊತ್ತಿತ್ತು.

“ಯಾರು ಬೇಕಿತ್ತಮ್ಮಾ?” ಎಂದು ಕೇಳಿದ.